ಓವನ್ ಮೇಲಿನ ಕಾಗದ

ಚನ್ನೇಶ ಹೆಂಡತಿಯ ಬ್ಯಾಗಿನಿಂದ ಎತ್ತಿದ ಕಾಗದವನ್ನು ತನ್ನ ಬೇಕರಿಯ ನೊಣ ಹಿಡಿಯುವ ನೀಲಿ ದೀಪದ ಕೆಳಗೆ ಹಿಡಿದ. ಬರಿಗಣ್ಣಿಗೆ ಅದು ಏನೂ ಬರೆಯದ ತೆಳು ಹಳದಿ ಹಾಳೆ. ಖಾಲಿ ಅಂದರೆ ನಂಬುವ ಆಸಾಮಿ ಅವನಲ್ಲ, ಐನೂರರ ನೋಟು ನೋಡುವ ಹಾಗೆ ದೀಪಕ್ಕೆ ಹಿಡಿದಿದ್ದ. ಹಾಳೆ ಪೂರಾ ಹಸಿರಾಗಿ ಹೊಳೆಯಿತು. ನಡುವೆ ಕಿತ್ತಳೆ ಬಣ್ಣದ ಅಕ್ಷರಗಳು ಎದ್ದವು: 'ತಾರಿಖ್. ಗುರುವಾರ. ಎರಡು ಗಂಟೆ.'

ಕಾವ್ಯ ತುಮಕೂರಿನಲ್ಲಿ ಕೆಮಿಸ್ಟ್ರಿ ಪಿಎಚ್‌ಡಿ ಮಾಡುತ್ತಿದ್ದಳು. ಸಂಜೆ ಗುಬ್ಬಿಯಲ್ಲಿ ಬಸ್ಸಿಳಿದು, ಗಂಡನ ಬೇಕರಿಯಲ್ಲಿ ಬ್ಯಾಗಿಟ್ಟು, ಹಿಂದುಗಡೆ ಮುಖ ತೊಳೆಯಲು ಹೋಗುವಳು. ಆ ಐದು ನಿಮಿಷ ಚನ್ನೇಶನದು. ಫೋನು ನೋಡಿ ಅವಳು ಒಬ್ಬಳೇ ನಕ್ಕಿದ್ದನ್ನು ಕಂಡ ದಿನದಿಂದ ಬ್ಯಾಗು ತಡಕುತ್ತಲೇ ಇದ್ದ. ಟಿಫಿನ್ ಡಬ್ಬಿ, ಛತ್ರಿ, ಬಸ್ ಪಾಸು ಬಿಟ್ಟು ಏನೂ ಸಿಕ್ಕಿರಲಿಲ್ಲ. ಏನೂ ಸಿಗದಿದ್ದದ್ದೇ ಅವನಿಗೆ ದೊಡ್ಡ ಅನುಮಾನವಾಗಿತ್ತು. ಬ್ಯಾಗಿನ ತಳದ ರಟ್ಟಿನ ಅಡಿ ಈ ಹಾಳೆ ಕಂಡದ್ದು ಅವತ್ತೇ.

ಈಗ ಸಾಕ್ಷಿ ಸಿಕ್ಕಿತಲ್ಲ, ಅದೂ ಗಂಡಸಿನ ಹೆಸರಿನ ಸಮೇತ! ಮನೆಯಲ್ಲಿಟ್ಟರೆ ಅವಳ ಕೈಗೆ ಸಿಗುತ್ತದೆ. ಅವಳು ಜನ್ಮದಲ್ಲಿ ಕೈ ಹಾಕದ ಜಾಗ ಅಂದರೆ ಬ್ರೆಡ್ ಓವನ್ನಿನ ತಲೆ. ಹಳೇ ಟ್ರೇ ಕೆಳಗೆ ಕಾಗದ ಸಿಕ್ಕಿಸಿ ಹೋದವನಿಗೆ ಆ ರಾತ್ರಿ ಊಟ ಸೇರಲಿಲ್ಲ.

ಬೆಳಿಗ್ಗೆ ಎರಡನೇ ಸಲದ ಬ್ರೆಡ್ ಇಳಿಯುವ ಹೊತ್ತಿಗೆ ಕಾವ್ಯ ಓಡಿ ಬಂದಳು. "ರೀ, ನನ್ ಬ್ಯಾಗಲ್ಲಿದ್ದ ಹಳದಿ ಕಾಗದ ನೋಡಿದ್ರಾ?"

ಅವನು ಇದಕ್ಕೇ ಕಾದಿದ್ದ. "ಯಾರೇ ಅದು ತಾರಿಖ್?"

"ಲ್ಯಾಬಲ್ಲಿ ಮಷಿನ್ ನೋಡ್ಕೊಳ್ಳೋರು. ಯಾಕೆ?"

"ಗುರುವಾರ ಎರಡು ಗಂಟೆಗೆ ಏನು?"

"ನನ್ ಸ್ಯಾಂಪಲ್‌ಗೆ ಟೈಮ್ ಕೊಟ್ಟಿದ್ರು. ಹೋದ ತಿಂಗಳ ಮಾತು ಅದು."

"ಅದಕ್ಕೆ ಕಣ್ಣಿಗೆ ಕಾಣ್ದಂಗೆ ಬರೀಬೇಕಾ? ಬಾ ಇಲ್ಲಿ!"

ಓವನ್ ಮೇಲಿಂದ ಕಾಗದ ಎಳೆದು ದೀಪದ ಕೆಳಗೆ ಹಿಡಿದ. ಹಸಿರು. ತಿರುಗಿಸಿ ನೋಡಿದ. ಬರೀ ಹಸಿರು, ಒಂದಕ್ಷರವೂ ಇಲ್ಲ.

"ನಿನ್ನೆ ಇತ್ತು, ದೇವರಾಣೆಗೂ ಇತ್ತು ಕಣೇ!"

ಕಾವ್ಯ ಕಾಗದ ಮುಟ್ಟಿದಳು. ಬಿಸಿಯಾಗಿತ್ತು.

"ಇತ್ತು," ಅಂದಳು. "ಇದಕ್ಕೆ ನಾನು ಮಾಡಿದ ಪುಡಿ ಹಚ್ಚಿದೆ. ಒತ್ತಿ ಗೀಚಿದ್ರೆ ಇಂಥ ದೀಪದಲ್ಲಿ ಕಿತ್ತಳೆ ಕಾಣುತ್ತೆ, ಬಿಸಿ ತಾಗಿದ್ರೆ ಮತ್ತೆ ಹಸಿರು. ಬ್ಯಾಗಲ್ಲಿ ಇಟ್ಕೊಂಡು ಓಡಾಡಿದ್ರೆ ಬರಹ ಎಷ್ಟು ದಿನ ಉಳಿಯುತ್ತೆ ಅಂತ ನೋಡ್ತಿದ್ದೆ. ಆವತ್ತು ತಲೇಲಿ ಇದ್ದಿದ್ದನ್ನ ಗೀಚಿದ್ದೆ, ಅಷ್ಟೇ. ಮೂವತ್ತು ದಿನ ಬೇಕಿತ್ತು. ನಿನ್ನೆಗೆ ಇಪ್ಪತ್ತೊಂಬತ್ತು."

ಚನ್ನೇಶನ ಮುಖ ಇಂಗು ತಿಂದ ಮಂಗನ ಹಾಗಾಯಿತು. "ಇನ್ನೊಂದ್ಸಲ ಬರ್ಕೊ. ಇನ್ನೊಂದು ತಿಂಗಳು ತಾನೆ..."

"ಬರ್ಕೋತೀನಿ. ನನ್ ಬ್ಯಾಗಿಗೆ ಎಷ್ಟು ದಿನದಿಂದ ಕೈ ಹಾಕ್ತಿದೀರಿ?"

ಅವನು ಬನ್ನುಗಳನ್ನು ಸರಿಯಾಗಿ ಜೋಡಿಸತೊಡಗಿದ. ಟ್ರೇ ತುಂಬಿದ ಮೇಲೆ, "ಎರಡು ತಿಂಗಳು" ಅಂದ. ಕಾವ್ಯ ಅಳಲಿಲ್ಲ, ಕೂಗಾಡಲೂ ಇಲ್ಲ. ಹಾಗೇನಾದರೂ ಮಾಡಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಆ ಸಂಜೆ ಬಸ್ಸಿಳಿದು ಬಂದವಳು ಮುಖ ತೊಳೆಯಲು ಹೋಗಲಿಲ್ಲ. ಅಂಗಡಿ ತುಂಬ ಗಿರಾಕಿಗಳು. ಎಲ್ಲರ ಎದುರೇ ಬ್ಯಾಗನ್ನು ಗಾಜಿನ ಕೌಂಟರ್ ಮೇಲೆ ಬೋರಲು ಹಾಕಿ, ಕಡೇ ಪಿನ್ನು ಬೀಳುವವರೆಗೆ ಕೊಡವಿದಳು.

"ನಿಧಾನವಾಗಿ ನೋಡ್ಕೊಳ್ಳಿ," ಅಂದಳು. "ನಾನು ಇಲ್ಲೇ ನಿಂತಿರ್ತೀನಿ."