ಗಡಿಯಲ್ಲಿ ಕಂಡ ಮಾಮಾ

ಬಿಸಿಲಿಗೆ ಕಾದ ಕಬ್ಬಿಣದ ವಾಸನೆ ಬಂದರೆ ಇಂದಿಗೂ ನನಗೆ ಆ ಮಧ್ಯಾಹ್ನ ನೆನಪಾಗುತ್ತದೆ.

ತನ್ನ ತಮ್ಮ ಪಂಜಾಬಿನ ಗಡಿಯಲ್ಲಿ ಪಹರೆಗಿದ್ದಾನೆಂದೇ ಅವ್ವ ಹಟ ಹಿಡಿದು, ನನ್ನನ್ನೂ ಕರೆದುಕೊಂಡು ಹಿರೇಕೆರೂರಿನಿಂದ ಗಡಿ ತೋರಿಸುವ ಪ್ರವಾಸಕ್ಕೆ ಬಂದಿದ್ದಳು. ಗೈಡ್ ನಮ್ಮನ್ನು ನೋಡಲು ಬಂದವರಿಗೆಂದು ಮುಳ್ಳುತಂತಿಯ ಪಕ್ಕ ಕಟ್ಟಿದ್ದ ಕಬ್ಬಿಣದ ಕಟಕಟೆಯೊಳಗೆ ನಿಲ್ಲಿಸಿದ. ಹಿಂದಿನಿಂದ ಜನ ಒತ್ತುತ್ತಿದ್ದರು, ಅವ್ವನ ಸೆರಗಿನಲ್ಲಿ ನನಗೆ ಉಸಿರು ಕಟ್ಟುತ್ತಿತ್ತು. ಸರಳುಗಳಾಚೆ ಮಾಮಾ ಬಂದೂಕು ಹಿಡಿದು ನಿಂತಿದ್ದ.

ನಾನು ಕೂಗಬೇಕೆನ್ನುವಷ್ಟರಲ್ಲಿ ಅವ್ವ ನನ್ನ ಬಾಯಿ ಮುಚ್ಚಿದಳು.

"ಒದರಬ್ಯಾಡ. ಡ್ಯೂಟಿ ಮ್ಯಾಲ ಅದಾನ, ಅವಂಗ ತ್ರಾಸ ಆಕ್ಕೈತಿ."

ಮಾಮಾ ಒಮ್ಮೆಯೂ ನಮ್ಮ ಕಡೆ ತಿರುಗಲಿಲ್ಲ. ಸ್ವಲ್ಪ ಹೊತ್ತಿಗೇ ಗೈಡ್ ಎಲ್ಲರನ್ನೂ ಬಸ್ಸಿಗೆ ಹತ್ತಿಸಿದ.

"ಯವ್ವಾ, ಮಾಮಾ ನಮ್ಮನ್ನ ನೋಡ್ಲೇ ಇಲ್ಲ," ಎಂದು ನಾನು ಅಳತೊಡಗಿದೆ.

"ನೋಡ್ಯಾನ," ಎಂದಳು ಅವ್ವ, ಕಿಟಕಿಯ ಕಡೆ ಮುಖ ಮಾಡಿ. "ಅವನ ಗಂಟಲ ಅಲ್ಲಾಡಿದ್ದು ನಾ ನೋಡೇನಿ."