ಹೊಂದದ ಗುಂಡು

"ಮನೇಲಿ ನಲವತ್ನಾಲ್ಕರ ಗುಂಡಿನ ರಿವಾಲ್ವರ್ ಇದೆಯಲ್ಲಮ್ಮ, ರೈಫಲ್ಲೂ ಅದೇ ಗುಂಡಿಂದು ತಗೋ," ಎಂದು ಬಂದೂಕಿನಂಗಡಿಯ ಮುದುಕ ಓರಿನ್ ರೈಫಲಿನ ಕೆಳಗಿನ ಹಿಡಿಯನ್ನು ಎಳೆದು ತೋರಿಸಿದ. "ಒಂದೇ ಡಬ್ಬಿ, ಎರಡಕ್ಕೂ ಆಯ್ತು. ಮೊಂಟಾನಾದಲ್ಲಿ ಎಲ್ಲರೂ ಹಂಗೇ ಮಾಡೋದು."

ಲೊರೆನಾ ಪಕ್ಕದಲ್ಲಿದ್ದ ಗಂಡ ವರ್ಲಿನ್‌ನತ್ತ ನೋಡಲಿಲ್ಲ. ಕುರಿಹಟ್ಟಿಗೆ ಚಿರತೆಯಂಥ ಪೂಮಾ ಬರುತ್ತಿತ್ತು, ರೈಫಲ್ ಬೇಕೇಬೇಕು. ಆದರೆ ವರ್ಲಿನ್‌ನ ತಮ್ಮ ಸತ್ತ ಚಳಿಗಾಲದಲ್ಲಿ ಅವನು ಕೊಟ್ಟಿಗೆಯಲ್ಲಿ ಕುಳಿತು ಆ ರಿವಾಲ್ವರನ್ನು ತನ್ನ ಹಣೆಗೆ ಒತ್ತಿಕೊಂಡಿದ್ದನ್ನು ಅವಳು ಕಂಡಿದ್ದಳು. ಮನೆಯ ಗುಂಡುಗಳನ್ನೆಲ್ಲ ಅಂದೇ ಹೊಳೆಗೆ ಸುರಿದಿದ್ದಳು. ಅಪ್ಪನದೆಂದು ರಿವಾಲ್ವರನ್ನು ಮಾತ್ರ ಅವನು ಬಿಟ್ಟುಕೊಟ್ಟಿರಲಿಲ್ಲ. ರೈಫಲಿಗೆ ಬೀಗ ಹಾಕಿ ಕೀಲಿಯನ್ನು ಕೊರಳಲ್ಲಿ ಇಟ್ಟುಕೊಳ್ಳಬಹುದು. ರಿವಾಲ್ವರಿಗೂ ಹೊಂದುವ, ಎಲ್ಲೆಂದರಲ್ಲಿ ಉರುಳುವ ಗುಂಡನ್ನು ಕಾಯುವುದು ಹೇಗೆ?

"ಮುನ್ನೂರ ಐವತ್ತೇಳರ ಗುಂಡಿನ ರೈಫಲ್ ಕೊಡಿ," ಎಂದಳು.

ಓರಿನ್ ನಕ್ಕ. "ಆ ಗುಂಡು ನಿಮ್ಮ ರಿವಾಲ್ವರಿಗೆ ಆಗಲ್ವಲ್ಲ ತಾಯಿ! ಏನಯ್ಯಾ ವರ್ಲಿನ್, ಹೆಂಡ್ತಿಗೆ ಇಷ್ಟೂ ಹೇಳ್ಕೊಟ್ಟಿಲ್ವಾ?"

ವರ್ಲಿನ್ ಅವಳ ಮುಖವನ್ನೇ ನೋಡಿದ. ಆಮೇಲೆ ಒಳಜೇಬಿಗೆ ಕೈಹಾಕಿ, ಬೆರಳಾಡಿಸಿ ಆಡಿಸಿ ನುಣುಪಾಗಿದ್ದ ನಲವತ್ನಾಲ್ಕರ ಒಂಟಿ ಗುಂಡೊಂದನ್ನು ತೆಗೆದು ಅಂಗಡಿಯ ಗಾಜಿನ ಮೇಜಿನ ಮೇಲೆ ನಿಲ್ಲಿಸಿದ.

"ಅವಳು ಕೇಳಿದ್ದೇ ಕೊಡು ಮಾರಾಯ," ಎಂದ. "ಇದನ್ನ ನೀನೇ ಇಟ್ಕೋ."