ಟಿವಿ ಆರಿದ ಮೇಲೆ

ಹನ್ನೊಂದನೇ ಎಪಿಸೋಡ್ ಮುಗಿದು ಹನ್ನೆರಡನೆಯದು ತಾನಾಗಿಯೇ ಶುರುವಾಗುವಷ್ಟರಲ್ಲಿ ಹೆಂಡತಿ ಬಂದು ಟಿವಿ ಆರಿಸಿಬಿಟ್ಟಳು. ಬಸ್ ಓಡಿಸುವ ಗಂಡ ಮೂರು ವಾರದಿಂದ ಸೋಫಾಕ್ಕೆ ಅಂಟಿಕೊಂಡಿದ್ದ.

"ಸಾಕು ಮಾಡಿ ರೀ. ಆ ಸೈಕಲ್‌ನವನು ಬಸ್ಸಿಗೆ ಸಿಕ್ಕಿ ತೀರಿಕೊಂಡಿದ್ದರಲ್ಲಿ ನಿಮ್ಮ ತಪ್ಪಿಲ್ಲ ಅಂತ ಡಿಪೋದವರೇ ಬರೆದುಕೊಟ್ಟಿದ್ದಾರೆ. ನಾಳೆ ಡ್ಯೂಟಿಗೆ ಹೋಗ್ಬೇಕು. ಗಡ್ಡ ತೆಗೆದು ಮನುಷ್ಯರ ಹಾಗಾದ್ರೂ ಕಾಣಿ. ಈ ಹಾಳು ಸೀರೀಸ್ ನಿಮ್ಮನ್ನ ಉದ್ಧಾರ ಮಾಡುತ್ತಾ?"

ರೇಗಿ ರಿಮೋಟ್ ಕಿತ್ತುಕೊಳ್ಳುತ್ತಾನೆ ಎಂದುಕೊಂಡಿದ್ದಳು. ಅವನು ಕಪ್ಪಾದ ಪರದೆಯನ್ನೇ ನೋಡುತ್ತಾ ಕೂತ. ಸ್ವಲ್ಪ ಹೊತ್ತಿಗೆ ಅವನ ಬಲಗಾಲು ನೆಲವನ್ನು ಒತ್ತತೊಡಗಿತು. ಹಿಮ್ಮಡಿ ಮೇಲೆದ್ದು, ಬೆರಳುಗಳು ಬಿಳಿಚಿಕೊಳ್ಳುವಷ್ಟು ಒತ್ತಿತು. ಅವನಿಗೆ ಅದರ ಅರಿವೇ ಇರಲಿಲ್ಲ.

"ಕಥೆ ಒಂದೂ ತಲೆಗೆ ಹೋಗ್ತಿಲ್ಲ ಕಣೇ," ಅಂದ. "ಅವರು ಮಾತಾಡ್ತಾ ಇದ್ರೆ ಸಾಕು. ಮನೆ ಸುಮ್ಮನಾದ ಕೂಡಲೇ ಆ ಬ್ರೇಕ್ ಸದ್ದು ಶುರುವಾಗುತ್ತೆ."

ಅವಳು ಬಗ್ಗಿ ಎರಡೂ ಕೈಯಿಂದ ಅವನ ಮೊಣಕಾಲನ್ನು ಹಿಡಿದಳು. ಕಾಲು ಒತ್ತುವುದನ್ನು ಬಿಡಲಿಲ್ಲ. ಕೊನೆಗೆ ಅವಳೇ ಟಿವಿ ಹಾಕಿ ಪಕ್ಕದಲ್ಲಿ ಕೂತಳು.

"ಸೌಂಡ್ ಇಷ್ಟು ಸಾಕಾ," ಕೇಳಿದಳು, "ಇನ್ನೂ ಜಾಸ್ತಿ ಮಾಡ್ಲಾ?"